ಉಂಗುರ, ತೋಡು ಮತ್ತು ನಾನು ಕೊಟ್ಟ ಒಂದು ತಪ್ಪು ಉತ್ತರ



ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದವನಿಗೆ ತಾನು ಹೇಳಿದ ಸರಿಯುತ್ತರಗಳು ನೆನಪಿನಲ್ಲಿ ಉಳಿಯುವುದಿಲ್ಲ. ಹೇಳಿದ ತಪ್ಪು ಉತ್ತರಗಳು ಮಾತ್ರ ರಾತ್ರಿ ನಿದ್ದೆ ಬಾರದಾಗ ಒಂದೊಂದಾಗಿ ಎದ್ದು ಬರುತ್ತವೆ. ಅಂಥ ಒಂದು ಉತ್ತರದ ಕಥೆ ಇದು. ಕಥೆಯ ನಾಯಕ ರಬ್ಬರಿನ ಒಂದು ಉಂಗುರ. ಇಂಗ್ಲಿಷಿನ 'ಓ' ಅಕ್ಷರದಂತಿರುವುದರಿಂದ ಅದನ್ನು ಎಲ್ಲರೂ ಓ-ರಿಂಗ್ ಎಂದೇ ಕರೆಯುತ್ತಾರೆ. ನೀರಿನ ನಲ್ಲಿಯಿಂದ ವಿಮಾನದವರೆಗೆ ಅದು ಇಲ್ಲದ ಯಂತ್ರವನ್ನು ಹುಡುಕುವುದು ಕಷ್ಟ. ಆದರೂ ಸೋರುವವರೆಗೆ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

1985ರ ಜುಲೈನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್ ಎಂಬ ಊರಿನ ಹೈಸ್ಕೂಲ್ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಬಾಹ್ಯಾಕಾಶಕ್ಕೆ ಹೋಗಲು ಆಯ್ಕೆಯಾದರು. ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಕ್ಷಕರು ಅರ್ಜಿ ಹಾಕಿದ್ದರಂತೆ. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ತರಗತಿಯಲ್ಲಿ ಸ್ವಲ್ಪ ಜಂಬದಿಂದಲೇ ಹೇಳಿಕೊಂಡಿದ್ದೆ: "ನೋಡಿ ಮಕ್ಕಳೇ, ಇನ್ನು ಮೇಲೆ ಮೇಷ್ಟ್ರುಗಳೂ ಆಕಾಶಕ್ಕೆ ಹೋಗುತ್ತಾರೆ." ಮಕ್ಕಳು ನಕ್ಕಿದ್ದರು. ಆಕೆ ಅಲ್ಲಿಂದ ಎರಡು ಪಾಠ ಮಾಡಲಿದ್ದಾರೆ ಎಂಬುದನ್ನೂ ಹೇಳಿದ್ದೆ.

ಚಾಲೆಂಜರ್ ನೌಕೆ ಫ್ಲಾರಿಡಾದಿಂದ ಮೇಲೆದ್ದದ್ದು 1986ರ ಜನವರಿ 28ರಂದು, ಅಲ್ಲಿನ ಬೆಳಿಗ್ಗೆ 11 ಗಂಟೆ 38 ನಿಮಿಷಕ್ಕೆ. ನಮ್ಮಲ್ಲಿ ಆಗ ರಾತ್ರಿ ಹತ್ತು ದಾಟಿತ್ತು. ಎಪ್ಪತ್ತಮೂರನೆಯ ಸೆಕೆಂಡಿನಲ್ಲಿ ನೌಕೆ ಛಿದ್ರವಾಯಿತು. ಏಳು ಜನರೂ ತೀರಿಹೋದರು. ನಮಗೆ ಸುದ್ದಿ ತಿಳಿದದ್ದು ಮರುದಿನ ಬೆಳಗಿನ ರೇಡಿಯೋ ವಾರ್ತೆಯಲ್ಲಿ. ಅಂದು ನಾನು ತರಗತಿಗೆ ಹೋದಾಗ ಮಕ್ಕಳು ಎಂದಿಗಿಂತ ಮೌನವಾಗಿದ್ದರು. ಆರು ತಿಂಗಳ ಹಿಂದೆ ನಾನು ಹೇಳಿದ್ದನ್ನು ಅವರು ಮರೆತಿರಲಿಲ್ಲ.

ಕೆಲವು ವಾರಗಳ ನಂತರ ಪತ್ರಿಕೆಗಳಲ್ಲಿ ಕಾರಣ ಬರತೊಡಗಿತು. ಬದಿಯ ರಾಕೆಟ್ಟಿನ ಒಂದು ಕೀಲಿನಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಕೆಲಸ ಮಾಡಲಿಲ್ಲ, ಬಿಸಿ ಅನಿಲ ಸೋರಿತು ಎಂದು. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಅಷ್ಟು ದೊಡ್ಡ ದೇಶದವರು ಕೆಟ್ಟ ರಬ್ಬರ್ ಯಾಕೆ ಹಾಕಿದರು?" ನಾನು ಗಂಭೀರವಾಗಿ ಹೇಳಿದೆ: "ಚಳಿಗೆ ರಬ್ಬರು ಗಾಜಿನ ಹಾಗೆ ಒಡೆದುಹೋಗುತ್ತದಪ್ಪ. ದೊಡ್ಡವರೂ ತಪ್ಪು ಮಾಡುತ್ತಾರೆ." ಅವನು ಕುಳಿತ. ಪಾಠ ಮುಂದುವರಿಯಿತು. ನನ್ನ ಉತ್ತರದಲ್ಲಿದ್ದ ಎರಡು ಮಾತುಗಳಲ್ಲಿ ಎರಡನೆಯದು ಮಾತ್ರ ನಿಜ. ರಬ್ಬರು ಕೆಟ್ಟದ್ದೂ ಆಗಿರಲಿಲ್ಲ, ಅದು ಗಾಜಿನ ಹಾಗೆ ಒಡೆಯಲೂ ಇಲ್ಲ. ನಿಜವಾದ ಉತ್ತರ ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಅದನ್ನು ಹೇಳಬೇಕಾದರೆ ಕಥೆಯನ್ನು ಸುಮಾರು ಇನ್ನೂರು ವರ್ಷಗಳಷ್ಟು ಹಿಂದಿನಿಂದ ಆರಂಭಿಸಬೇಕು.

ಚಲಿಸುವ ಎರಡು ಲೋಹದ ಭಾಗಗಳ ನಡುವೆ ಸಂದು ಇರಲೇಬೇಕು. ಇಲ್ಲದಿದ್ದರೆ ಅವು ಚಲಿಸಲಾರವು. ಸಂದು ಇದ್ದರೆ ನೀರು, ಎಣ್ಣೆ, ಹಬೆ ಸೋರಿಯೇ ಸೋರುತ್ತದೆ. ಯಂತ್ರಯುಗದ ಆರಂಭದಿಂದಲೂ ಇದು ಬಿಡಿಸಲಾಗದ ಗಂಟಾಗಿತ್ತು. ಮೊದಲಿನ ಹಬೆಯಂತ್ರಗಳಲ್ಲಿ ಸೆಣಬಿನ ಹುರಿಯನ್ನು ಕೊಬ್ಬಿನಲ್ಲಿ ನೆನೆಸಿ ಸಂದಿಗೆ ತುರುಕುತ್ತಿದ್ದರು. ಬಿಗಿಯಾಗಿ ತುರುಕಿದರೆ ಘರ್ಷಣೆ ಹೆಚ್ಚು, ಸಡಿಲ ಬಿಟ್ಟರೆ ಸೋರಿಕೆ ಹೆಚ್ಚು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ನೀರೊತ್ತುಯಂತ್ರಕ್ಕೆ, ಅಂದರೆ ಹೈಡ್ರಾಲಿಕ್ ಪ್ರೆಸ್ಸಿಗೆ, ಪೇಟೆಂಟ್ ಪಡೆದಾಗ ಈ ಗಂಟು ಇನ್ನೂ ಬಿಗಿಯಾಯಿತು. ಅಷ್ಟು ಒತ್ತಡದ ನೀರನ್ನು ಸೆಣಬಿನ ಹುರಿ ತಡೆಯಲಾರದು. ಬ್ರಾಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲಿ ಎಂಬ ತರುಣ ಇದಕ್ಕೆ ಉಪಾಯ ಹುಡುಕಿದನೆಂದು ಹೇಳುತ್ತಾರೆ. ಆ ಉಪಾಯವೆಂದರೆ ಬಟ್ಟಲಿನಂತೆ ಮಡಿಸಿದ ಚರ್ಮದ ಪಟ್ಟಿ. ಬಟ್ಟಲಿನ ಬಾಯಿ ಒತ್ತಡದ ಕಡೆಗೆ ಇರಬೇಕು. ಆಗ ನೀರೇ ಬಟ್ಟಲಿನೊಳಗೆ ಹೊಕ್ಕು ಅದರ ಅಂಚನ್ನು ಗೋಡೆಗೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಒತ್ತಡ ಇಳಿದಾಗ ಬಿಗಿಯೂ ಇಳಿದು ಸಲೀಸಾಗಿ ಜಾರುತ್ತದೆ.

ಇದನ್ನು ನೀವೆಲ್ಲರೂ ನೋಡಿದ್ದೀರಿ. ಸೈಕಲ್ ಪಂಪಿನ ಹಿಡಿಕೆಯನ್ನು ಹೊರಕ್ಕೆಳೆದರೆ ಕಡ್ಡಿಯ ತುದಿಯಲ್ಲಿ ಕಾಣುವ ಚರ್ಮದ ವಾಷರು ಇದೇ. ಅದು ಒಣಗಿ ಮುದುಡಿಕೊಂಡಾಗ ಗಾಳಿ ಏರದು. ಎರಡು ಹನಿ ಎಣ್ಣೆ ಬಿಟ್ಟು ಅಂಚನ್ನು ಬೆರಳಿನಿಂದ ಅಗಲಿಸಿದರೆ ಮತ್ತೆ ಏರುತ್ತದೆ. ನಮ್ಮ ಬಾಲ್ಯದಲ್ಲಿ ಈ ಚಿಕಿತ್ಸೆ ಗೊತ್ತಿಲ್ಲದ ಹುಡುಗರೇ ಇರಲಿಲ್ಲ. ಸೋರಿಕೆಯನ್ನುಂಟುಮಾಡುವ ಒತ್ತಡವನ್ನೇ ಸೋರಿಕೆ ತಡೆಯುವ ಕೆಲಸಕ್ಕೆ ದುಡಿಸಿಕೊಳ್ಳುವ ಈ ವಿಚಾರವೇ ನಮ್ಮ ಕಥೆಯ ಬೀಜ. ಅದನ್ನು ನೆನಪಿನಲ್ಲಿಡಿ.

ಮುಂದಿನ ಹೆಜ್ಜೆ ರಬ್ಬರಿನದು. ಹಸಿ ರಬ್ಬರು ಬೇಸಗೆಯಲ್ಲಿ ಅಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ರಬ್ಬರು ಈ ದೋಷಗಳಿಂದ ಬಹುಮಟ್ಟಿಗೆ ಪಾರಾಗುವುದನ್ನು ಕಂಡುಕೊಂಡ. ಅಲ್ಲಿಂದ ಮುಂದೆ ರಬ್ಬರಿನ ಉಂಗುರಗಳನ್ನು ಸೋರಿಕೆ ತಡೆಯಲು ಹಲವರು ಬಳಸಿ ನೋಡಿದರು. ಸ್ವೀಡನ್ನಿನಲ್ಲಿ 1896ರಲ್ಲಿಯೇ ಜೆ. ಓ. ಲುಂಡ್‌ಬರ್ಗ್ ಎಂಬಾತನಿಗೆ ಓ-ರಿಂಗಿನ ಪೇಟೆಂಟ್ ಸಿಕ್ಕಿತ್ತು. ಆದರೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್ನಿನ ಮೇಲೆ ರಬ್ಬರ್ ಉಂಗುರ ಬಾಳಿಕೆ ಬರುತ್ತಿರಲಿಲ್ಲ. ಬೇಗ ಸವೆಯುತ್ತಿತ್ತು, ತಿರುಚಿಕೊಳ್ಳುತ್ತಿತ್ತು, ಸಂದಿಯಲ್ಲಿ ಸಿಕ್ಕಿ ಕತ್ತರಿಸಿಹೋಗುತ್ತಿತ್ತು. ತಪ್ಪು ರಬ್ಬರಿನದು ಎಂದೇ ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದವನು ಎಂಬುದನ್ನು ಮೇಲೆ ಹೇಳಿದ್ದೇನಷ್ಟೆ!

ತಪ್ಪು ರಬ್ಬರಿನದಲ್ಲ, ಅದು ಕೂರುವ ಜಾಗದ್ದು ಎಂದು ತೋರಿಸಿಕೊಟ್ಟವನು ನೀಲ್ಸ್ ಕ್ರಿಸ್ಟೆನ್‌ಸೆನ್. ಡೆನ್ಮಾರ್ಕಿನಲ್ಲಿ 1865ರಲ್ಲಿ ಹುಟ್ಟಿ, ಯಂತ್ರಕಮ್ಮಟದಲ್ಲಿ ಕೆಲಸ ಕಲಿತು, 1891ರಲ್ಲಿ ಅಮೆರಿಕಕ್ಕೆ ಹೋದವನು. ಅಲ್ಲಿ ಟ್ರಾಮ್ ಗಾಡಿಗಳಿಗೆ ಗಾಳಿಯ ಬ್ರೇಕನ್ನು ರೂಪಿಸಿ ಮಿಲ್ವಾಕಿ ನಗರದಲ್ಲಿ ಕಾರ್ಖಾನೆ ನಡೆಸಿದ. ಆ ಬ್ರೇಕಿನ ಪೇಟೆಂಟಿನ ವ್ಯಾಜ್ಯ ದಶಕಗಳ ಕಾಲ ಎಳೆದು, 1921ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೇರೆಯವರಾಗಿದ್ದರೆ ಅಷ್ಟಕ್ಕೇ ಸುಸ್ತಾಗಿ ಸುಮ್ಮನಾಗುತ್ತಿದ್ದರು. ಈ ಮನುಷ್ಯ 1930ರ ದಶಕದಲ್ಲಿ, ನಮ್ಮಲ್ಲಿ ಪೆನ್ಷನ್ ಎಣಿಸುವ ವಯಸ್ಸಿನಲ್ಲಿ, ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಿಗೆ ಸೋರದ ಪಿಸ್ಟನ್ ಮಾಡಲು ಹೊರಟ. ಬಗೆಬಗೆಯ ಉಂಗುರಗಳನ್ನು ಬಗೆಬಗೆಯ ತೋಡುಗಳಲ್ಲಿ ಕೂರಿಸಿ ನೋಡಿದ. ತೋಡು ಎಂದರೆ ಪಿಸ್ಟನ್ನಿನ ಸುತ್ತ ಲೇತಿನಲ್ಲಿ ಕೊರೆದ ಕಾಲುವೆ; ಕಾರ್ಖಾನೆಯವರು ಗ್ರೂವ್ ಎನ್ನುತ್ತಾರೆ. ಕೊನೆಗೆ ಒಂದು ಅಳತೆ ಕೂಡಿಬಂತು. ತೋಡಿನ ಆಳ ಉಂಗುರದ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಇರಬೇಕು, ಅಗಲ ಮಾತ್ರ ಉಂಗುರದ ದಪ್ಪಕ್ಕಿಂತ ಧಾರಾಳವಾಗಿರಬೇಕು. ಅಂಥ ತೋಡಿನಲ್ಲಿ ಕೂತ ಉಂಗುರ ಲಕ್ಷಗಟ್ಟಲೆ ಸಲ ಓಡಾಡಿದರೂ ಹಾಳಾಗಲಿಲ್ಲ. 1937ರ ಅಕ್ಟೋಬರ್ 2ರಂದು ಅವನು ಪೇಟೆಂಟಿಗೆ ಅರ್ಜಿ ಹಾಕಿದಾಗ ಅವನಿಗೆ 72 ವರ್ಷ. 1939ರ ನವೆಂಬರ್ 21ರಂದು 2,180,795 ಸಂಖ್ಯೆಯ ಪೇಟೆಂಟ್ ದೊರೆಯಿತು.

ಯುದ್ಧ ಬಂದಿತು. ಅಮೆರಿಕದ ವಾಯುಪಡೆಯವರು ವಿಮಾನಗಳ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಈ ಉಂಗುರವನ್ನು ಪರೀಕ್ಷಿಸಿ ಒಪ್ಪಿದರು. ಪರ್ಲ್ ಹಾರ್ಬರ್ ದಾಳಿಯ ನಂತರ ಸರಕಾರ ಯುದ್ಧಕ್ಕೆ ಅಗತ್ಯವಾದ ಪೇಟೆಂಟುಗಳನ್ನು ಖರೀದಿಸಿ, ಎಲ್ಲ ತಯಾರಕರೂ ಗೌರವಧನವಿಲ್ಲದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಕ್ರಿಸ್ಟೆನ್‌ಸೆನ್‌ನಿಗೆ ಸಿಕ್ಕಿದ್ದು 75,000 ಡಾಲರ್. ಕೋಟಿಗಟ್ಟಲೆ ಉಂಗುರಗಳು ತಯಾರಾದವು. ಅವನು 1952ರಲ್ಲಿ ತೀರಿಕೊಂಡ. ಹತ್ತೊಂಬತ್ತು ವರ್ಷಗಳ ನಂತರ ಅವನ ವಾರಸುದಾರರಿಗೆ ಇನ್ನೂ ಒಂದು ಲಕ್ಷ ಡಾಲರ್ ಸಂದಾಯವಾಯಿತು.

ಇಷ್ಟು ಕಥೆ ಪುಸ್ತಕದಲ್ಲಿ ಓದಿ ತಿಳಿದದ್ದು. ಆದರೆ ತೋಡಿನ ಒಳಗುಟ್ಟನ್ನು ನನಗೆ ಕಲಿಸಿದವನು ನನ್ನದೇ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡು ಹೈಡ್ರಾಲಿಕ್ ಸಿಲಿಂಡರುಗಳನ್ನು ಮಾಡುತ್ತಾನೆ. ನಿವೃತ್ತನಾದ ಮೇಲೆ ಒಮ್ಮೆ ಅವನ ಬಳಿಗೆ ಹೋಗಿದ್ದೆ. ಮಾತಿನ ನಡುವೆ ಚಾಲೆಂಜರಿನ ವಿಷಯ ಬಂದು, ತರಗತಿಯಲ್ಲಿ ನಾನು ಕೊಟ್ಟ ಉತ್ತರವನ್ನು ಅವನಿಗೂ ಹೇಳಿದೆ. ಅವನು ನಗಲಿಲ್ಲ. ಡಬ್ಬಿಯಿಂದ ಒಂದು ಉಂಗುರ ತೆಗೆದು ನನ್ನ ಅಂಗೈಯಲ್ಲಿಟ್ಟು ಕೇಳಿದ: "ಮೇಷ್ಟ್ರೇ, ಇದನ್ನು ಬೆರಳಲ್ಲಿ ಒತ್ತಿ ನೋಡಿ. ರಬ್ಬರು ಕುಗ್ಗಿತಾ?" ಕುಗ್ಗಿತು ಎಂದೆ. "ಇಲ್ಲ ಮೇಷ್ಟ್ರೇ. ಆಕಾರ ಬದಲಾಯಿತು, ಗಾತ್ರ ಬದಲಾಗಲಿಲ್ಲ. ನೀವೇ ಪಾಠ ಮಾಡಿದ್ದಿರಿ, ನೀರನ್ನು ಒತ್ತಿ ಕುಗ್ಗಿಸಲಾಗದು ಅಂತ. ರಬ್ಬರು ಈ ವಿಷಯದಲ್ಲಿ ನೀರಿನ ಹಾಗೇ. ಮೇಲಿಂದ ಒತ್ತಿದರೆ ಪಕ್ಕಕ್ಕೆ ಹೋಗುತ್ತೆ. ಪಕ್ಕದಲ್ಲಿ ಜಾಗ ಇಲ್ಲದಿದ್ದರೆ?" ಅಂದು ಮೇಷ್ಟ್ರು ಅವನು, ವಿದ್ಯಾರ್ಥಿ ನಾನು.

ಅವನು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಹೈಸ್ಕೂಲಿನ ಗಣಿತ ಸಾಕು. ಓ-ರಿಂಗಿಗೆ ಎರಡು ಅಳತೆಗಳು: ಒಳವ್ಯಾಸ ಮತ್ತು ರಬ್ಬರಿನ ದಪ್ಪ. ಅಮೆರಿಕದ ಎಎಸ್ 568 ಎಂಬ ಮಾನಕದಲ್ಲಿ ಪ್ರತಿ ಉಂಗುರಕ್ಕೂ ಮೂರಂಕಿಯ ಸಂಖ್ಯೆಯಿದೆ. ಸಾಮಾನ್ಯ ಶ್ರೇಣಿಗಳಲ್ಲಿ ಮೊದಲ ಅಂಕಿ ದಪ್ಪವನ್ನು ಹೇಳುತ್ತದೆ. ಸೊನ್ನೆಯಿದ್ದರೆ 1.78 ಮಿಲಿಮೀಟರ್, ಒಂದಿದ್ದರೆ 2.62, ಎರಡಿದ್ದರೆ 3.53, ಮೂರಿದ್ದರೆ 5.33, ನಾಲ್ಕಿದ್ದರೆ 6.99. ಅವನು ನನ್ನ ಕೈಯಲ್ಲಿಟ್ಟದ್ದು 214ನೇ ಸಂಖ್ಯೆಯದು. ದಪ್ಪ 3.53, ಒಳವ್ಯಾಸ 24.99 ಮಿಲಿಮೀಟರ್.

ಸಿಲಿಂಡರಿನ ಒಳವ್ಯಾಸ 31.75 ಮಿಲಿಮೀಟರ್ ಎನ್ನಿ. ಪಿಸ್ಟನ್ನಿನಲ್ಲಿ ತೋಡು ಕೊರೆದಾಗ ತೋಡಿನ ತಳದ ವ್ಯಾಸ 26.1 ಇರಲಿ. ಆಗ ಉಂಗುರ ಕೂರುವ ಎತ್ತರ ಎರಡರ ವ್ಯತ್ಯಾಸದ ಅರ್ಧ, ಅಂದರೆ 2.82 ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು. 3.53 ದಪ್ಪದ ಉಂಗುರ ಅಷ್ಟರಲ್ಲಿ ಕೂರಬೇಕಾದರೆ ಶೇಕಡಾ 20ರಷ್ಟು ಅದುಮಿಕೊಳ್ಳಬೇಕು. ಈ ಅದುಮುವಿಕೆಯೇ ಸೋರಿಕೆಯ ವಿರುದ್ಧ ಮೊದಲ ಕಾವಲು. ಅಲುಗಾಡದ ಜೋಡಣೆಗೆ ಇದು ಶೇಕಡಾ 15ರಿಂದ 30ರವರೆಗೆ ಇರಬಹುದು; ಓಡಾಡುವ ಪಿಸ್ಟನ್ನಿಗೆ 10ರಿಂದ 20ರೊಳಗೆ ಇದ್ದರೆ ಲೇಸು, ಇಲ್ಲದಿದ್ದರೆ ಘರ್ಷಣೆಯಿಂದ ಸವೆದುಹೋಗುತ್ತದೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. 24.99ರ ಉಂಗುರವನ್ನು 26.1ರ ತಳದ ಮೇಲೆ ಎಳೆದು ಕೂರಿಸಿದರೆ ಅದು ಶೇಕಡಾ ನಾಲ್ಕೂವರೆಯಷ್ಟು ಹಿಗ್ಗುತ್ತದೆ. ಉದ್ದ ಹಿಗ್ಗಿದರೆ ದಪ್ಪ ತಗ್ಗಲೇಬೇಕು, ಏಕೆಂದರೆ ಗಾತ್ರ ಬದಲಾಗದು. ಲೆಕ್ಕ ಹಾಕಿದರೆ 3.53 ಇದ್ದದ್ದು 3.45ಕ್ಕೆ ಇಳಿಯುತ್ತದೆ, 20 ಎಂದುಕೊಂಡಿದ್ದ ಅದುಮುವಿಕೆ ನಿಜಕ್ಕೂ 18 ಆಗುತ್ತದೆ. ಆದ್ದರಿಂದ ಹಿಗ್ಗುವುದು ಶೇಕಡಾ ಐದನ್ನು ಮೀರಬಾರದು ಎಂಬುದು ರೂಢಿ. "ಸಿಕ್ಕಿದ ಸಣ್ಣ ರಿಂಗನ್ನೇ ಎಳೆದು ಹಾಕಿ ಕೆಲಸ ಮುಗಿಸುವವರು ಇದ್ದಾರೆ ಮೇಷ್ಟ್ರೇ. ಮೊದಲ ದಿನ ಸೋರಲ್ಲ. ಮೂರು ತಿಂಗಳಾದ ಮೇಲೆ ಫೋನ್ ಬರುತ್ತೆ," ಎಂದ.

ಇನ್ನು ಅಗಲ. ಉಂಗುರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 9.8 ಚದರ ಮಿಲಿಮೀಟರ್. ತೋಡನ್ನು 4.8 ಮಿಲಿಮೀಟರ್ ಅಗಲವಾಗಿ ಕೊರೆದರೆ ಅಲ್ಲಿರುವ ಜಾಗ ಸುಮಾರು 13.5 ಚದರ ಮಿಲಿಮೀಟರ್. ಅಂದರೆ ಉಂಗುರ ತೋಡಿನ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ ತುಂಬುತ್ತದೆ. ಯಾವ ಸಂದರ್ಭದಲ್ಲೂ ಶೇಕಡಾ 85ನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಮಿಕ್ಕ ಖಾಲಿ ಜಾಗ ದಂಡವಲ್ಲ. ರಬ್ಬರು ಬಿಸಿಗೆ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಎಣ್ಣೆ ಹೀರಿ ಉಬ್ಬುತ್ತದೆ. ಅದಕ್ಕೆ ಎಡೆ ಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಒತ್ತಡದ ಎಣ್ಣೆ ಆ ಖಾಲಿ ಜಾಗಕ್ಕೆ ನುಗ್ಗಿ ಉಂಗುರವನ್ನು ಹಿಂದಿನಿಂದ ತಳ್ಳಬೇಕು. ಆಗ ಉಂಗುರ ಎದುರುಗೋಡೆಗೆ ಒರಗಿ ಸಂದಿನ ಬಾಯಿಯನ್ನು ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಮಾಡ್ಸ್‌ಲಿಯ ಚರ್ಮದ ಬಟ್ಟಲು ನೆನಪಾಯಿತೆ? ಅದೇ ತತ್ತ್ವ, ಇಲ್ಲಿ ಬಟ್ಟಲಿಲ್ಲ, ಬಟ್ಟಲಿನ ಕೆಲಸವನ್ನು ತೋಡಿನ ಖಾಲಿ ಜಾಗ ಮಾಡುತ್ತದೆ. ತೋಡನ್ನು ಉಂಗುರದಷ್ಟೇ ಅಗಲ ಕೊರೆದರೆ ಎಣ್ಣೆಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ಉಂಗುರ ಬಿಗಿಯಾಗಿ ತುಂಬಿಕೊಂಡಿದ್ದರೂ ಸೋರುತ್ತದೆ. ಕ್ರಿಸ್ಟೆನ್‌ಸೆನ್‌ಗಿಂತ ಹಿಂದಿನವರು ಎಡವಿದ್ದು ಇಲ್ಲಿಯೇ.

ಇನ್ನೂ ಕೆಲವು ನಿಯಮಗಳನ್ನು ಅವನು ಹೇಳಿದ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ದೊಡ್ಡದಾದರೆ ಹೆಚ್ಚಿನ ಒತ್ತಡದಲ್ಲಿ ಉಂಗುರ ಆ ಸಂದಿಗೆ ಹಿಂಡಿಕೊಂಡು ಚೂರುಚೂರಾಗಿ ಕಚ್ಚಿಹೋಗುತ್ತದೆ. ಆದ್ದರಿಂದ ಸುಮಾರು 100 ವಾತಾವರಣದ ಒತ್ತಡ ದಾಟಿದರೆ ಉಂಗುರದ ಹಿಂದೆ ಗಟ್ಟಿ ಪ್ಲಾಸ್ಟಿಕ್ಕಿನ ಒತ್ತಾಸೆ ಬಳೆಯೊಂದನ್ನು ಹಾಕುತ್ತಾರೆ. ಉಂಗುರ ತಾಗುವ ಮೈ ನುಣುಪಾಗಿರಬೇಕು. ತೋಡಿನ ಅಂಚು ಚೂಪಾಗಿರಬಾರದು. ಉಂಗುರ ಒಳಹೋಗುವ ಬಾಯಿಯನ್ನು ಇಳಿಜಾರಾಗಿ ಕೊರೆದಿರಬೇಕು, ಇಲ್ಲದಿದ್ದರೆ ಜೋಡಿಸುವಾಗಲೇ ಅದು ಕೊಯ್ದುಹೋಗುತ್ತದೆ. ರಬ್ಬರಿನ ಜಾತಿಯೂ ಕೆಲಸಕ್ಕೆ ತಕ್ಕುದಾಗಿರಬೇಕು. ಖನಿಜ ಎಣ್ಣೆಯಲ್ಲಿ ಸಹಜ ರಬ್ಬರು ಉಬ್ಬಿ ಕೆಡುತ್ತದೆ, ಅಲ್ಲಿಗೆ ನೈಟ್ರೈಲ್ ರಬ್ಬರ್ ಬೇಕು. ಹೆಚ್ಚು ಶಾಖಕ್ಕೆ ವೈಟಾನ್. ಬಿಸಿನೀರಿಗೂ ಹಬೆಗೂ ಇಪಿಡಿಎಂ, ಆದರೆ ಅದು ಖನಿಜ ಎಣ್ಣೆಗೆ ಆಗದು. ಎಲ್ಲಕ್ಕಿಂತ ಮುಖ್ಯ, ಒಮ್ಮೆ ಅದುಮಿದ ರಬ್ಬರು ಬಿಟ್ಟಾಗ ಹಿಂದಕ್ಕೆ ಬರುವ ಗುಣವನ್ನು ಕಳೆದುಕೊಂಡಿರಬಾರದು. ಹಳೆಯ ಪಂಪಿನಿಂದ ತೆಗೆದ ಉಂಗುರ ದುಂಡಗಿರದೆ ಚಪ್ಪಟೆಯಾಗಿರುವುದನ್ನು ನೋಡಿದ್ದೀರಲ್ಲ, ಅದು ಆ ಗುಣವನ್ನು ಕಳೆದುಕೊಂಡ ಉಂಗುರ.

ಈ ಪಾಠ ಕೇಳಿ ಮನೆಗೆ ಬಂದ ಮೇಲೆಯೇ ನಾನು ಚಾಲೆಂಜರ್ ದುರಂತದ ತನಿಖಾ ವರದಿಯನ್ನು ಅರ್ಥವಾಗುವಂತೆ ಓದಿದ್ದು. ವಿಲಿಯಂ ರಾಜರ್ಸ್ ಅಧ್ಯಕ್ಷತೆಯ ಆಯೋಗ 1986ರ ಜೂನ್ 6ರಂದು ಒಪ್ಪಿಸಿದ ವರದಿ ಅದು.

ನೌಕೆಯ ಎರಡು ಪಕ್ಕಗಳಲ್ಲಿದ್ದ ಘನ ಇಂಧನದ ರಾಕೆಟ್ಟುಗಳು ಯೂಟಾ ರಾಜ್ಯದಲ್ಲಿ ಮಾರ್ಟನ್ ಥಿಯೋಕಾಲ್ ಕಂಪನಿಯಲ್ಲಿ ತಯಾರಾಗಿ, ತುಂಡುತುಂಡಾಗಿ ರೈಲಿನಲ್ಲಿ ಫ್ಲಾರಿಡಾಕ್ಕೆ ಬರುತ್ತಿದ್ದವು. ಅಲ್ಲಿ ಒಂದರ ಮೇಲೊಂದು ಕೂರಿಸಿ ಜೋಡಿಸುತ್ತಿದ್ದರು. ಒಂದು ತುಂಡಿನ ಅಂಚಿನಲ್ಲಿ ನಾಲಿಗೆ, ಇನ್ನೊಂದರ ಅಂಚಿನಲ್ಲಿ ಆ ನಾಲಿಗೆ ಕೂರುವ ಕವಲು, ಸುತ್ತಲೂ 177 ಉಕ್ಕಿನ ಮೊಳೆಗಳು. ಕವಲಿನ ಒಳಗೋಡೆಯಲ್ಲಿ ಎರಡು ತೋಡುಗಳು, ಅವುಗಳಲ್ಲಿ ಎರಡು ವೈಟಾನ್ ಉಂಗುರಗಳು. ರಾಕೆಟ್ಟಿನ ವ್ಯಾಸ 3.7 ಮೀಟರ್, ಆದ್ದರಿಂದ ಪ್ರತಿ ಉಂಗುರದ ಸುತ್ತಳತೆ ಸುಮಾರು ಹನ್ನೊಂದೂವರೆ ಮೀಟರ್. ಆದರೆ ದಪ್ಪ ಬರಿಯ ಏಳು ಮಿಲಿಮೀಟರ್ ಚಿಲ್ಲರೆ, ನಮ್ಮ ಸೀಸದಕಡ್ಡಿಯಷ್ಟು.

ದೋಷವಿದ್ದದ್ದು ಕೀಲಿನಲ್ಲಿ. ರಾಕೆಟ್ ಹೊತ್ತಿಕೊಂಡು ಒಳಗೆ ಒತ್ತಡ ಏರಿದಾಗ ತುಂಡುಗಳ ಗೋಡೆ ಹೊರಕ್ಕೆ ಉಬ್ಬುತ್ತಿತ್ತು. ಕೀಲು ಅಷ್ಟಾಗಿ ಉಬ್ಬದೆ ತುಸು ತಿರುಚುತ್ತಿತ್ತು. ಪರಿಣಾಮವಾಗಿ ಉಂಗುರ ಒರಗಿದ್ದ ಗೋಡೆ ಅದರಿಂದ ದೂರ ಸರಿಯುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗಬೇಕಾದ ಜಾಗ ಒತ್ತಡ ಹೆಚ್ಚಿದಷ್ಟೂ ಸಡಿಲವಾಗುತ್ತಿತ್ತು! ಇದು 1977ರ ಪರೀಕ್ಷೆಗಳಲ್ಲಿಯೇ ಕಂಡಿತ್ತು. ನಾಸಾದ ಮಾರ್ಷಲ್ ಕೇಂದ್ರದ ಇಂಜಿನಿಯರುಗಳು ಆಗಲೇ ಆಕ್ಷೇಪಿಸಿ ಬರೆದಿದ್ದರು. ಒಂದು ಉಂಗುರ ಸೋತರೆ ಇನ್ನೊಂದು ಕಾಪಾಡುತ್ತದೆ ಎಂಬ ನಂಬಿಕೆಯನ್ನು ದಾಖಲೆಗಳಲ್ಲಿ 1982ರಲ್ಲಿಯೇ ಕೈಬಿಡಲಾಗಿತ್ತು. ಆದರೂ ಹಾರಾಟ ನಿಲ್ಲಲಿಲ್ಲ.

ಗೋಡೆ ದೂರ ಸರಿಯುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ. ಅಷ್ಟರೊಳಗೆ ಅದುಮಿದ್ದ ಉಂಗುರ ಹಿಗ್ಗಿ ಗೋಡೆಯನ್ನು ಹಿಂಬಾಲಿಸಬೇಕು. ಚಳಿಯ ಪಾತ್ರ ಬರುವುದು ಇಲ್ಲಿ. ಚಳಿಯಲ್ಲಿ ರಬ್ಬರು ಒಡೆಯಲಿಲ್ಲ, ನಿಧಾನವಾಯಿತು. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಉಂಗುರ, ಮೈನಸ್ ಒಂದು ಡಿಗ್ರಿಯಲ್ಲಿರುವ ಉಂಗುರಕ್ಕಿಂತ ಐದು ಪಟ್ಟು ಚುರುಕಾಗಿ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂದು ವರದಿ ಹೇಳುತ್ತದೆ. ಅಂದು ಹಾರುವಾಗಿನ ಉಷ್ಣತೆ ಸುಮಾರು 2 ಡಿಗ್ರಿ. ರಾತ್ರಿಯಿಡೀ ಹಿಮಗಟ್ಟುವ ಚಳಿಯಿತ್ತು. ಜೊತೆಗೆ ಸೋರಿದ ಜಾಗದಲ್ಲಿ ನಾಲಿಗೆಗೂ ಕವಲಿಗೂ ನಡುವಿನ ಸಂದು ತೀರ ಕಿರಿದಾಗಿದ್ದು, ಉಂಗುರ ತೋಡಿನ ಮೂರು ಗೋಡೆಗಳಿಗೂ ಒತ್ತಿಕೊಂಡಿದ್ದಿರಬೇಕು. ಹಾಗಿದ್ದರೆ ಒತ್ತಡ ಅದರ ಹಿಂದಕ್ಕೆ ಹೋಗಿ ತಳ್ಳುವುದು ಕಷ್ಟವಾಗುತ್ತದೆ ಎಂದೂ ವರದಿ ವಿವರಿಸುತ್ತದೆ. "ಪಕ್ಕದಲ್ಲಿ ಜಾಗ ಇಲ್ಲದಿದ್ದರೆ?" ಎಂದು ಪೀಣ್ಯದ ನನ್ನ ಶಿಷ್ಯ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಹೊತ್ತಿಕೊಂಡು ಒಂದು ಸೆಕೆಂಡು ಕಳೆಯುವ ಮೊದಲೇ ಬಲಗಡೆಯ ರಾಕೆಟ್ಟಿನ ಕೆಳಗಿನ ಕೀಲಿನಿಂದ ಕಪ್ಪು ಹೊಗೆ ಹೊರಟದ್ದು ಚಿತ್ರಗಳಲ್ಲಿ ದಾಖಲಾಗಿದೆ.

ಇದೆಲ್ಲ ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು. 1985ರ ಜನವರಿಯಲ್ಲಿ ಸುಮಾರು 12 ಡಿಗ್ರಿಯ ಚಳಿಯಲ್ಲಿ ನಡೆದ ಹಾರಾಟದ ನಂತರ ಬಿಚ್ಚಿ ನೋಡಿದಾಗ ಮೊದಲ ಉಂಗುರವನ್ನು ದಾಟಿ ಮಸಿ ಬಂದಿತ್ತು. ಥಿಯೋಕಾಲ್ ಕಂಪನಿಯ ಇಂಜಿನಿಯರ್ ರೋಜರ್ ಬಾಯ್ಸ್‌ಜೋಲಿ ಅದೇ ಜುಲೈ 31ರಂದು, ಈ ದೋಷವನ್ನು ಸರಿಪಡಿಸದಿದ್ದರೆ ಪ್ರಾಣಹಾನಿಯೇ ಆದೀತು ಎಂಬರ್ಥದ ಪತ್ರವನ್ನು ಮೇಲಧಿಕಾರಿಗಳಿಗೆ ಬರೆದಿದ್ದ. ಮೆಕಾಲಿಫ್ ಆಯ್ಕೆಯಾಗಿ ಆಗ ಎರಡು ವಾರವೂ ತುಂಬಿರಲಿಲ್ಲ. ಹಾರಾಟದ ಹಿಂದಿನ ರಾತ್ರಿ ದೂರವಾಣಿ ಸಭೆಯಲ್ಲಿ ಅವನೂ ಅವನ ಸಹೋದ್ಯೋಗಿಗಳೂ 12 ಡಿಗ್ರಿಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದರು. ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದರು. ಕಂಪನಿಯ ಆಡಳಿತದವರು ಪ್ರತ್ಯೇಕವಾಗಿ ಮಾತಾಡಿಕೊಂಡು, ಇಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಫ್ಲಾರಿಡಾದಲ್ಲಿದ್ದ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲು ನಿರಾಕರಿಸಿದ. ಬೇರೊಬ್ಬರ ಸಹಿಯಿಂದ ಕಾಗದ ಮುಂದೆ ಹೋಯಿತು.

ಫೆಬ್ರವರಿ 11ರಂದು ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡೊಂದನ್ನು ಸಣ್ಣ ಕ್ಲಾಂಪಿನಲ್ಲಿ ಅದುಮಿ, ಕುಡಿಯಲು ಇಟ್ಟಿದ್ದ ಹಿಮದ ನೀರಿನ ಲೋಟದಲ್ಲಿ ಅದ್ದಿದರು. ಸ್ವಲ್ಪ ಹೊತ್ತಿನ ನಂತರ ತೆಗೆದು ಕ್ಲಾಂಪ್ ಬಿಚ್ಚಿದಾಗ ರಬ್ಬರು ಕೂಡಲೆ ಹಿಂದಕ್ಕೆ ಬರಲಿಲ್ಲ. ಪತ್ರಿಕೆಗಳ ಮೂಲಕ ಈ ಪ್ರಯೋಗ ಜಗತ್ತಿಗೆಲ್ಲ ತಿಳಿಯಿತು. ನಾನೂ ಓದಿದ್ದೆ. ಆದರೆ 'ನಿಧಾನವಾಯಿತು' ಎಂದು ಬರೆದಿದ್ದದ್ದನ್ನು ನನ್ನ ತಲೆ 'ಒಡೆಯಿತು' ಎಂದು ಓದಿಕೊಂಡಿತ್ತು. ಒಂದು ಲೋಟ, ಒಂದು ತುಂಡು ಮಂಜುಗಡ್ಡೆ, ಒಂದು ರಬ್ಬರ್ ಚೂರು ತಂದು ತರಗತಿಯಲ್ಲಿ ಮಾಡಿ ತೋರಿಸಿದ್ದರೆ ಆ ತಪ್ಪು ನನ್ನಿಂದ ಆಗುತ್ತಿರಲಿಲ್ಲ. ಮಕ್ಕಳಿಗೆ ಪ್ರಯೋಗ ಮಾಡಿ ನೋಡಿ ಎಂದು ವರ್ಷವಿಡೀ ಹೇಳುತ್ತಿದ್ದವನು ನಾನೇ.

ಮುಂದೆ ಕೀಲನ್ನು ಹೊಸದಾಗಿ ರೂಪಿಸಿದರು. ಗೋಡೆ ದೂರ ಸರಿಯದಂತೆ ಹಿಡಿದುಕೊಳ್ಳುವ ಕೊಕ್ಕೆಯಂಥ ಏರ್ಪಾಡು, ಮೂರನೆಯ ಉಂಗುರ, ಕೀಲನ್ನು ಬೆಚ್ಚಗಿಡುವ ಹೀಟರುಗಳು ಬಂದವು. ಆ ಕೆಲಸದ ನೇತೃತ್ವ ವಹಿಸಿದವನು ಸಹಿ ಹಾಕಲು ನಿರಾಕರಿಸಿದ್ದ ಅದೇ ಮೆಕ್‌ಡೊನಾಲ್ಡ್. 1988ರ ಸೆಪ್ಟೆಂಬರ್ 29ರಂದು ಡಿಸ್ಕವರಿ ನೌಕೆ ಮತ್ತೆ ಹಾರಿತು. 2011ರಲ್ಲಿ ಷಟಲ್ ಯುಗ ಮುಗಿಯುವವರೆಗೂ ಆ ಕೀಲು ಮತ್ತೊಂದು ದುರಂತಕ್ಕೆ ಕಾರಣವಾಗಲಿಲ್ಲ. ಗಮನಿಸಿ, ಉಂಗುರದ ಜಾಗದಲ್ಲಿ ಬೇರೇನನ್ನೋ ತಂದಿಡಲಿಲ್ಲ. ಅದು ಕೆಲಸ ಮಾಡಲು ಬೇಕಾದ ಸ್ಥಿತಿಗತಿಯನ್ನು ಒದಗಿಸಿದರು, ಅಷ್ಟೆ.

ಮೆಕಾಲಿಫ್ ಮಾಡಬೇಕಾಗಿದ್ದ ಪಾಠಗಳಲ್ಲಿ ಕೆಲವನ್ನು 2018ರಲ್ಲಿ, ಹಿಂದೆ ಶಿಕ್ಷಕರಾಗಿದ್ದ ಇಬ್ಬರು ಗಗನಯಾತ್ರಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿ ಮುಗಿಸಿದರು. ಆಕೆಯ ಜೊತೆಗೆ ತರಬೇತಿ ಪಡೆದಿದ್ದ ಶಿಕ್ಷಕಿ ಬಾರ್ಬರಾ ಮಾರ್ಗನ್ 2007ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದರು. ಬಾಕಿ ಉಳಿದ ಪಾಠವನ್ನು ಮೂವತ್ತೆರಡು ವರ್ಷಗಳಾದ ಮೇಲೂ ಮುಗಿಸಬಹುದು ಎಂಬ ಸಂಗತಿ ನನ್ನಂಥವನಿಗೆ ಧೈರ್ಯ ಕೊಡುತ್ತದೆ.

ಆದ್ದರಿಂದ ನನ್ನ ಬಾಕಿಯನ್ನೂ ಇಲ್ಲಿ ತೀರಿಸುತ್ತೇನೆ. 1986ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗನೇ, ಇಂದು ನಿನಗೂ ಐವತ್ತು ದಾಟಿರಬೇಕು. ಅವರು ಹಾಕಿದ್ದು ಕೆಟ್ಟ ರಬ್ಬರಲ್ಲ. ಉಂಗುರ ಕೂರುವ ಜಾಗ ಸರಿಯಿರಲಿಲ್ಲ. ಆ ಜಾಗ ಸರಿಯಿಲ್ಲ ಎಂದು ಬಲ್ಲವರು ಹೇಳಿದಾಗ ಕೇಳುವವರೂ ಇರಲಿಲ್ಲ. ನಿನ್ನ ಪ್ರಶ್ನೆ ಚೆನ್ನಾಗಿತ್ತು. ಉತ್ತರ ತಡವಾಯಿತು, ಮನ್ನಿಸು.